ಖಾಲಿ ಕೋಣೆಯ ಮೌನ

ಓದು ಶುರುವಾಗುವ ಮೊದಲು ಒಂದು ನಿಮಿಷ ಸುಮ್ಮನೆ ಕೂರಬೇಕು. ಕೈಗಡಿಯಾರ ಹೊರಗೆ ಬಿಚ್ಚಿಟ್ಟು, ಪುಸ್ತಕದ ಹಾಳೆಯ ಮೇಲಿಂದ ಬೆರಳು ತೆಗೆದು ಮಡಿಲಲ್ಲಿಟ್ಟುಕೊಂಡು, ಉಗುಳು ಕೂಡ ನುಂಗದೆ, ಮೈಕಿನ ಮುಂದೆ ಇದ್ದೂ ಇಲ್ಲದವಳಂತೆ ಇರಬೇಕು. ಗಾಜಿನಾಚೆ ಕಿವಿಯಣ್ಣ ತೋರುಬೆರಳೆತ್ತಿ ಹಿಡಿದಿದ್ದ. ಆ ಬೆರಳು ಇಳಿಯುವವರೆಗಿನ ಅರವತ್ತು ಸೆಕೆಂಡು ಅವಳದಲ್ಲ, ಕೋಣೆಯದು. ಅದಕ್ಕೆ ಅವನು ಮೌನ ಹಿಡಿಯುವುದು ಅನ್ನುತ್ತಿದ್ದ, ಮೀನು ಹಿಡಿಯುವುದು ಅಂದ ಹಾಗೆ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಕೊಡುತ್ತ ಬಂದ ಈ ನಿಮಿಷ ಅವಳಿಗೆ ಒಂದು ಬಗೆಯ ನಿದ್ದೆಯಂತಿತ್ತು, ಅದರೊಳಗೆ ಅಜ್ಜಿಯ ಕತೆಗಳ ಮಾತಾಡುವ ಬಾಗಿಲುಗಳೂ ಕನ್ನಡಿಯಲ್ಲಿ ಮನೆ ಮಾಡಿದ ಮೀನುಗಳೂ ಓಡಾಡುತ್ತಿದ್ದವು. ಹತ್ತು ದಿನದಿಂದ ಮಾತ್ರ ಹಾಗಿಲ್ಲ. ಬೆರಳು ಎದ್ದ ಕೂಡಲೇ ಎದೆ ಢವಗುಟ್ಟುತ್ತದೆ. ಆ ಢವಢವ ಯಂತ್ರದೊಳಕ್ಕೆ ಬಿದ್ದುಬಿಟ್ಟೀತು ಅಂತ ಇನ್ನಷ್ಟು ಹೆದರಿಕೆಯಾಗುತ್ತದೆ.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಗ್ರಂಥಾಲಯ ಅದು. ಅವಳ ಕೆಲಸ ಓದುವುದು, ಕಿವಿಯಣ್ಣನ ಕೆಲಸ ಕೇಳುವುದು. ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಎಲ್ಲರಿಗೂ ನೆನಪಾಗುತ್ತಿತ್ತು. ಎರಡು ಕಪ್ಪು ಬಟ್ಟಲುಗಳಂಥ ಹೆಡ್‌ಫೋನು ಸದಾ ಅವನ ಕಿವಿಯ ಮೇಲೆ, ಊಟದ ಹೊತ್ತಿನಲ್ಲಿ ಕತ್ತಿನ ಸುತ್ತ. ಸತ್ತ ಮೇಲೂ ಇದನ್ನು ತೆಗೀಬೇಡಿ, ಯಾರು ನಿಜವಾಗಿ ಅತ್ತರು ಯಾರು ಬರೀ ಮೂಗೊರೆಸಿಕೊಂಡರು ಅಂತ ಕೇಳಿಸಿಕೊಂಡು ಹೋಗ್ತೀನಿ, ಅನ್ನುತ್ತಿದ್ದ. ಅವಳು ಕೆಲಸಕ್ಕೆ ಸೇರಿದ ಮೊದಲ ವಾರ ಕೇಳಿದ್ದಳು: ಮೌನವೇ ಬೇಕಾದರೆ ನಾನ್ಯಾಕೆ ಒಳಗೆ ಕೂರಬೇಕಣ್ಣ, ನಾನಿಲ್ಲದಾಗ ಹಿಡಿಯಬಹುದಲ್ಲ? ಅವನು ಹೆಡ್‌ಫೋನು ಬಿಚ್ಚಿ ಅವಳ ತಲೆಗೆ ಹಾಕಿ ಎರಡು ಮೌನಗಳನ್ನು ಕೇಳಿಸಿದ್ದ. ಇದು ನೀನಿಲ್ಲದ್ದು, ಇದು ನೀನಿದ್ದದ್ದು. ಓದಿನಲ್ಲಿ ಕೆಮ್ಮು ಬಂದರೆ, ಹಾಳೆ ಸದ್ದಾದರೆ ಆ ತುಂಡನ್ನು ಕತ್ತರಿಸಿ ಆ ಜಾಗಕ್ಕೆ ಮೌನದ ತೇಪೆ ಹಾಕಬೇಕಂತೆ. ಖಾಲಿ ಕೋಣೆಯ ಮೌನ ಹಾಕಿದರೆ ಹೊಸ ಬಟ್ಟೆಗೆ ಹಳೇ ತೇಪೆ ಹಾಕಿದಂತೆ ಎದ್ದು ಕಾಣುತ್ತದಂತೆ. 'ಮನುಷ್ಯರ ಮೈ ಕೋಣೆಯ ಸದ್ದನ್ನ ಒಂದಿಷ್ಟು ಕುಡಿದುಬಿಡತ್ತೆ ತಂಗಿ. ಇದ್ದೀಯ ಅಂದ್ರೆ ಅಷ್ಟೇ ಅರ್ಥ.' ಆ ದಿನ ಅವಳಿಗೆ ಎರಡೂ ಒಂದೇ ಥರ ಕೇಳಿಸಿತ್ತು. ಆಮೇಲಾಮೇಲೆ ಗೊತ್ತಾಗತೊಡಗಿತು. ಈಗ, ಬೇಡವೆಂದರೂ, ಗೊತ್ತಾಗುತ್ತದೆ.

ಬೆರಳು ಇಳಿಯಿತು. ಅವಳು ಇಂದು ಹೊಸ ಪುಸ್ತಕ ಶುರುಮಾಡಬೇಕಿತ್ತು, ಯಾವುದೋ ತೋಟಗಾರಿಕೆಯದು, ಗುಲಾಬಿ ಗಿಡಕ್ಕೆ ಬರುವ ರೋಗಗಳು. ಬಾಯಿ ತೆರೆಯುವಷ್ಟರಲ್ಲಿ ಗಾಜಿನಾಚೆಯ ಬಾಗಿಲು ತೆರೆದು ಮೇಷ್ಟ್ರು ಬಂದದ್ದು ಕಾಣಿಸಿತು. ಮೊದಲು ಬಿಳಿ ಕೋಲು, ಆಮೇಲೆ ಇಸ್ತ್ರಿ ಮಾಡಿದ ತೋಳು, ಆಮೇಲೆ ಅವರು. ನಲವತ್ತನೆಯ ವಯಸ್ಸಿಗೆ ಕಣ್ಣು ಕಳೆದುಕೊಂಡ ಭೂಗೋಳದ ಮೇಷ್ಟ್ರು. ಇಲ್ಲಿ ಮುದ್ರಿತವಾದ ಪ್ರತಿ ಪುಸ್ತಕವನ್ನೂ ಮೊದಲು ಕೇಳುವವರು ಅವರೇ, ಅವರು ಹೂಂ ಅಂದ ಮೇಲೆಯೇ ಅದು ಕಪಾಟಿಗೆ ಹೋಗುವುದು. ಅವರು ಕಿವಿಯಣ್ಣನಿಗೆ ಏನೋ ಹೇಳಿದರು. ಕಿವಿಯಣ್ಣ ಹೆಡ್‌ಫೋನನ್ನು ಕತ್ತಿಗಿಳಿಸಿಕೊಂಡ. ಊಟದ ಹೊತ್ತಲ್ಲದ ಹೊತ್ತಿನಲ್ಲಿ ಅವನು ಹಾಗೆ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಗೊತ್ತಾಗಿಬಿಟ್ಟಿತು, ಅಂದುಕೊಂಡಳು.

ಹತ್ತು ದಿನದ ಹಿಂದೆ ಓದಿ ಮುಗಿಸಿದ ನೀಲಿ ರಟ್ಟಿನ ಪುಸ್ತಕವನ್ನು ಅವಳೇ ಆಸೆಪಟ್ಟು ಆರಿಸಿಕೊಂಡಿದ್ದಳು. ಮುಂದಿನ ಕಾಲದ ಕತೆ. ಅಜ್ಜಿಯ ಕತೆಗಳೆಲ್ಲ ಒಂದಾನೊಂದು ಕಾಲದವು, ಅದರೊಳಗಿನವರೆಲ್ಲ ಯಾವತ್ತೋ ಸತ್ತುಹೋದವರು, ಆದ್ದರಿಂದ ಅವರಿಗೆ ಏನೇ ಆದರೂ ಹೆದರಿಕೆಯಿಲ್ಲ. ಕತೆ ಮುಗಿದ ಮೇಲೆ ಅಜ್ಜಿ ದೀಪ ಸಣ್ಣ ಮಾಡಿ, ಅವರು ಅಲ್ಲುಳಿದರು, ನಾವು ಇಲ್ಲುಳಿದೆವು, ಇನ್ನು ಮಲಗು, ಅನ್ನುವಳು. ಈ ಪುಸ್ತಕದ ಮೊದಲ ವಾಕ್ಯವೇ ಬೇರೆ. ಮುನ್ನೂರು ವರ್ಷಗಳ ನಂತರ, ಅಂತ ಅದು ಶುರುವಾಗುತ್ತಿತ್ತು. ಅದನ್ನು ಓದುವಾಗ ಅವಳ ದನಿ ಚೆನ್ನಾಗಿಯೇ ಬಂದಿತ್ತು. ಆ ಮೂರು ಪದದಲ್ಲಿ ತಾನೂ, ಗಾಜಿನಾಚೆಯ ಕಿವಿಯಣ್ಣನೂ, ಅಮ್ಮನೂ, ಹೊರಗೆ ಬಸ್ಸಿಗೆ ಕಾಯುತ್ತಿದ್ದವರೆಲ್ಲರೂ ಸತ್ತಾಗಿತ್ತು, ಯಾರೂ ಅದನ್ನೊಂದು ವಿಷಯ ಅಂತ ಬರೆದಿರಲಿಲ್ಲ, ಅನ್ನುವುದು ಹೊಳೆದದ್ದು ಆಮೇಲೆ, ಮನೆಗೆ ಹೋಗುವ ಬಸ್ಸಿನಲ್ಲಿ, ಕಂಬಿ ಹಿಡಿದು ನಿಂತಿದ್ದಾಗ. ಅಕ್ಕಪಕ್ಕದ ಕೈಗಳನ್ನು ನೋಡಿದ್ದಳು. ಒಂದು ಕೈಯಲ್ಲಿ ಔಷಧಿಯ ಚೀಟಿ, ಒಂದರಲ್ಲಿ ಪಾಪುವಿನ ಒಂಟಿ ಕಾಲುಚೀಲ.

ಆ ಕತೆಯಲ್ಲಿ ಮನುಷ್ಯರು ಯುದ್ಧದಿಂದ ಸಾಯುವುದಿಲ್ಲ, ರೋಗದಿಂದಲೂ ಅಲ್ಲ. ಸಂಜೆ ಪಾರ್ಕಿನಿಂದ ಒಬ್ಬೊಬ್ಬರೇ ಎದ್ದು ಮನೆಗೆ ಹೋದಂತೆ ಕಡಿಮೆಯಾಗುತ್ತ ಹೋಗುತ್ತಾರೆ. ಕೊನೆಗೆ ಗುಡ್ಡದ ಮೇಲಿನ ಒಂದು ಕೇಂದ್ರದಲ್ಲಿ ಒಬ್ಬ ಹೆಂಗಸು ಉಳಿಯುತ್ತಾಳೆ. ದಿನಾ ಬೆಳಿಗ್ಗೆ ಆಕಾಶಕ್ಕೆ ಮುಖಮಾಡಿದ ಯಂತ್ರದ ಮುಂದೆ ಕೂತು, ನಾನಿದ್ದೇನೆ, ಯಾರಾದರೂ ಇದ್ದೀರಾ, ಅನ್ನುತ್ತಾಳೆ. ಹತ್ತನೆಯ ಅಧ್ಯಾಯದ ಕೊನೆಗೆ ಅವಳು ಚಹಾದ ಲೋಟವನ್ನು ಮೇಜಿನ ಮೇಲಿಟ್ಟು ಮಲಗುತ್ತಾಳೆ. ಹನ್ನೊಂದನೆಯ ಅಧ್ಯಾಯ, ಬೆಳಗಾಯಿತು, ಅಂತ ಶುರುವಾಗುತ್ತದೆ. ಅಷ್ಟೇ. ಆಮೇಲೆ ಇಪ್ಪತ್ತೆರಡು ಪುಟ ಯಾರೂ ಇಲ್ಲ. ಬಿಸಿಲು ಕಿಟಕಿಯಿಂದ ಇಳಿದು ಮೇಜಿನ ಕಾಲು ಹತ್ತುತ್ತದೆ, ಲೋಟ ಮುಟ್ಟುತ್ತದೆ, ಗೋಡೆಗೆ ಹೋಗುತ್ತದೆ. ಚಹಾ ಆರಿ ಲೋಟದ ತಳದಲ್ಲಿ ಕಂದು ಬಳೆಯಾಗುತ್ತದೆ. ಯಂತ್ರ ನಿಗದಿಯಾದ ಹೊತ್ತಿಗೆ ಆಕಾಶದ ಕಡೆ ತಿರುಗುತ್ತದೆ, ಕೇಳಿಸಿಕೊಳ್ಳುತ್ತದೆ, ಮತ್ತೆ ತಿರುಗಿ ನಿಲ್ಲುತ್ತದೆ. ಇದನ್ನು ಯಾರೋ ನೋಡಿದಂತೆ ಬರೆದಿದೆಯಲ್ಲ, ನೋಡಿದವರು ಯಾರು? ಮೂರನೆಯ ಪುಟದಲ್ಲಿ ಅವಳಿಗೆ ತನ್ನದೇ ದನಿ ಬೆನ್ನ ಹಿಂದಿನಿಂದ ಕೇಳಿಸಿತು. ನಾವು ಇಲ್ಲುಳಿದೆವು ಅನ್ನಲು ಈ ಕತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಆ ಹೆಂಗಸಿನ ಮೇಜಿನ ಮೇಲಿನ ಲೋಟ ಅವಳ ಕಣ್ಣಿಗೆ ಅಜ್ಜಿಯ ಲೋಟವಾಗಿತ್ತು, ಅಂಚು ಒಂದು ಕಡೆ ನೆಗ್ಗಿದ್ದು. ಕಿವಿಯಣ್ಣ ಆಗಷ್ಟೇ ಹೊರಗೆ ಹೋಗಿದ್ದ. ಅವಳು ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ತಳ್ಳಿ ಎದ್ದು ಕಾರಿಡಾರಿಗೆ ಓಡಿದಳು, ಅಲ್ಲಿ ಬಕೆಟ್ಟಿನ ಪಕ್ಕ ನಿಂತು ಗೋಡೆಗೆ ಹಣೆ ಒತ್ತಿಕೊಂಡಳು. ಒಳಗೆ ದನಿ ಮುದ್ರಿಸುವ ಯಂತ್ರ ಓಡುತ್ತಲೇ ಇತ್ತು. ತಿರುಗಿ ಬಂದು ಕೂತು, ಏನೂ ಆಗದವಳಂತೆ, ಹನ್ನೆರಡನೆಯದನ್ನು ಹನ್ನೊಂದನೆಯ ಅಧ್ಯಾಯ ಅಂತ ಓದಿ ಪುಸ್ತಕ ಮುಗಿಸಿದಳು. ಅದರಲ್ಲಿ ಎಲ್ಲೋ ದೂರದ ಲೋಕದಲ್ಲಿ ಯಾರೋ ಆ ಹೆಂಗಸಿನ ದನಿ ಕೇಳಿ ತಲೆಯೆತ್ತುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ನಡುವೆ ಸ್ವಲ್ಪ ತಪ್ಪಿತಣ್ಣ, ಓದಿದ್ದನ್ನ ತೆಗೆದುಬಿಡಿ, ಅಂದಳು. ಅವನು ಓದಿನ ತುಂಡು ತೆಗೆದ. ಅದರ ನಂತರದ ಖಾಲಿ ಮೌನದ ಕೊನೆಯ ತುಂಡೊಂದನ್ನು ಹಾಗೇ ಬಿಟ್ಟು ಎರಡು ತುದಿ ಕೂಡಿಸಿದ.

'ಹತ್ತು ಮುಗಿದ ಮೇಲೆ ನೀನು ಕೋಣೆಯಲ್ಲಿರಲಿಲ್ಲ,' ಅಂದರು ಮೇಷ್ಟ್ರು. ಅವಳು ಹೊರಗೆ ಬಂದು ಅವರ ಮುಂದೆ ನಿಂತಿದ್ದಳು, ಶಾಲೆಯಲ್ಲಿ ನಿಂತಂತೆ. 'ಏಳು ಸೆಕೆಂಡು. ಏಳು ಸೆಕೆಂಡು ಅಲ್ಲಿ ಯಾರೂ ಇಲ್ಲ. ಆಮೇಲೆ ನೀನು ಬಂದೆ, ಓಡಿ ಬಂದವಳ ಉಸಿರು. ಎಲ್ಲಿಗೆ ಹೋಗಿದ್ದೆ?'

'ನನ್ನ ತಪ್ಪು ಮೇಷ್ಟ್ರೇ,' ಅಂದ ಕಿವಿಯಣ್ಣ. 'ನಾನೇ ನೋಡ್ದೆ ಜೋಡಿಸ್ಬಿಟ್ಟೆ. ನನ್ನ ಕಿವಿಗೆ ವಯಸ್ಸಾಯ್ತು.'

'ನಿನ್ನ ಕಿವಿಗೆ ಏನಾಗಿದೆ, ಚೆನ್ನಾಗೇ ಇದೆ. ನೀನು ಸುಮ್ಮನಿರಪ್ಪ. ಎಷ್ಟು ಪುಟ ಬಿಟ್ಟಿದ್ದೀಯಮ್ಮ?'

'ಇಪ್ಪತ್ತೆರಡು.'

'ಯಾಕೆ?'

ಕಾರಿಡಾರಿನಲ್ಲಿ ಹೋಗುತ್ತಿದ್ದ ನೋಂದಣಿಯ ಹುಡುಗಿ ನಡಿಗೆ ನಿಧಾನ ಮಾಡಿದಳು. ಇವಳಿಗೆ ಕಿವಿ ಬಿಸಿಯಾಯಿತು. ಹೆದರಿಕೆಯಾಯಿತು ಅನ್ನುವುದು ಎಂಥ ಮಾತು, ಇಪ್ಪತ್ತಾರು ವರ್ಷದವಳು, ಸಂಬಳ ತೆಗೆದುಕೊಳ್ಳುವವಳು, ಒಂದು ಲೋಟಕ್ಕೆ ಹೆದರಿದೆ ಅನ್ನುವುದು. 'ಅದರಲ್ಲಿ ಏನೂ ನಡೆಯಲ್ಲ ಸರ್,' ಅಂದಳು. 'ಕೇಳುವವರಿಗೆ ಬೇಜಾರಾಗುತ್ತೆ ಅಂತ. ಬೇಸರ... ದುಃಖ ಆಗುತ್ತೆ ಅಂತ.'

'ಓಹೋ. ಕುರುಡರಿಗೆ ದುಃಖ ಆಗಬಾರದು ಅಂತ.' ಮೇಷ್ಟ್ರು ನಕ್ಕರು, ಹಲ್ಲು ಮಾತ್ರ. ಆಮೇಲೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅದರ ಮೇಲೆ ಭಾರ ಬಿಟ್ಟು ನಿಂತರು. 'ನೋಡಮ್ಮ, ನಾನು ಆಸ್ಪತ್ರೆಯಲ್ಲಿದ್ದಾಗ ನನ್ನ ಹೆಂಡತಿ ಸತ್ತಳು. ನನಗೆ ಹೇಳಲಿಲ್ಲ. ತಂಗಿ ಮನೆಗೆ ಹೋಗಿದ್ದಾಳೆ ಅಂದ್ರು. ನನ್ನ ಮೈಗೆ ಒಳ್ಳೇದಲ್ಲ ಅಂತ ಎಲ್ಲ ಸೇರಿ ಮಾತಾಡಿಕೊಂಡಿದ್ರು. ನನ್ನನ್ನ ಮನೆಗೆ ಕರ್ಕೊಂಡು ಬಂದ್ರಲ್ಲ, ಹೊಸಲು ದಾಟಿದೆ, ಗೊತ್ತಾಗಿಹೋಯ್ತು. ಹತ್ತು ಜನ ಇದ್ರು ಮನೇಲಿ, ಆದ್ರೂ ಖಾಲಿ. ಅವಳು ಕುಡೀತಿದ್ದಷ್ಟು ಸದ್ದು ಯಾರೂ ಕುಡೀತಿರಲಿಲ್ಲ. ಆಮೇಲೂ ಮೂರು ದಿನ ಅವರು ಸುಳ್ಳು ಹೇಳಿದ್ರು, ನಾನು ಸುಳ್ಳು ಸುಳ್ಳೇ ಕೇಳಿಸ್ಕೊಂಡೆ. ಅವರಿಗೆ ನೋವಾಗಬಾರದಲ್ಲ! ಆ ಮೂರು ದಿನ ನಾನು ಅಳಬೇಕಿತ್ತು. ಅದನ್ನ ನನಗೆ ಯಾರೂ ವಾಪಸ್ಸು ಕೊಡಲಿಲ್ಲ.' ಅವರು ಗಡಿಯಾರದ ಗಾಜು ತೆರೆದು ಮುಳ್ಳು ಮುಟ್ಟಿ ನೋಡಿಕೊಂಡರು. 'ನಾಳೆ ಬರ್ತೀನಿ. ಇಪ್ಪತ್ತೆರಡು ಪುಟ ನನಗೆ ಬೇಕು. ನನ್ನ ಪುಸ್ತಕ ಅದು.'

ಅವರು ಹೋದ ಮೇಲೆ ಕಿವಿಯಣ್ಣ ಗುಲಾಬಿ ಗಿಡದ ಪುಸ್ತಕ ಬದಿಗಿಟ್ಟು ನೀಲಿ ರಟ್ಟಿನದನ್ನು ತಂದು ಅವಳ ಮುಂದಿಟ್ಟ, ಮತ್ತೆ ಗಾಜಿನಾಚೆ ಹೋಗಿ ಬೆರಳೆತ್ತಿದ. ಅವಳು ಓದಿದಳು. ಬೆಳಗಾಯಿತು. ತಪ್ಪಿದಾಗ ಒಮ್ಮೆ ಚಪ್ಪಾಳೆ ತಟ್ಟಬೇಕು, ಅದು ಅಲ್ಲಿಯ ಪದ್ಧತಿ; ಯಂತ್ರದ ಗೆರೆಯಲ್ಲಿ ಚಪ್ಪಾಳೆ ಮುಳ್ಳಿನಂತೆ ಎದ್ದು ಕಾಣುತ್ತದೆ, ಅಲ್ಲಿಂದ ಹಿಂದಕ್ಕೆ ಹೋಗಿ ವಾಕ್ಯವನ್ನು ಮತ್ತೆ ಹೇಳಿದರೆ ತಪ್ಪು ಇರಲೇ ಇಲ್ಲ ಅಂದ ಹಾಗಾಗುತ್ತದೆ. ಬೆಳಗಾಯಿತು. ಬಿಸಿಲು ಕಿಟಕಿಯಿಂದ. ಚಪ್ಪಾಳೆ. ಬೆಳಗಾಯಿತು. ಬಿಸಿಲು ಕಿಟಕಿಯಿಂದ ಇಳಿದು ಮೇಜಿನ. ಚಪ್ಪಾಳೆ. ಎಂಟನೆಯ ಸಲ ಅವಳ ಅಂಗೈ ಉರಿಯುತ್ತಿತ್ತು. ಮೊನ್ನೆ ಅಜ್ಜಿಯ ಡಾಕ್ಟರು ಅಮ್ಮನನ್ನೂ ಅವಳನ್ನೂ ಕರೆದು ಕೂರಿಸಿ, ಎರಡು ತಿಂಗಳು, ಹೆಚ್ಚೆಂದರೆ ಮೂರು, ಅಂದಾಗಲೂ ಅವಳ ಕೈಗಳು ತಾವಾಗಿಯೇ ಮೇಲೆದ್ದಿದ್ದವು. ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಹೇಳಿ ಡಾಕ್ಟ್ರೇ, ಈ ವಾಕ್ಯ ತಪ್ಪಿತು, ಅನ್ನಲಿಕ್ಕೆ. ಅಮ್ಮ ಅವಳ ಕೈ ಹಿಡಿದು ಮೇಜಿನ ಕೆಳಗೆ ಒತ್ತಿಕೊಂಡಿದ್ದಳು, ನಮಸ್ಕಾರ ಮಾಡುತ್ತಾಳೆಂದುಕೊಂಡೋ ಏನೋ.

'ಸಾಕು,' ಅಂದ ಕಿವಿಯಣ್ಣ ಸ್ಪೀಕರಿನಲ್ಲಿ. 'ಮನೆಗೆ ಹೋಗಿ ಬಿಸಿನೀರು ಕುಡಿದು ಬಾ. ನಾಲ್ಕು ಗಂಟೆಗೆ ಹಿಡಿಯೋಣ. ಪುಸ್ತಕ ಜೊತೇಲಿ ತಗೊಂಡು ಹೋಗು. ಮತ್ತೆ ತಂಗಿ...'

'ಏನಣ್ಣ?'

'ನನಗೂ ಆ ಏಳು ಸೆಕೆಂಡು ಕೇಳಿಸಿತ್ತು. ನಿನ್ನನ್ನ ಏನೂ ಕೇಳಬಾರದು ಅನ್ನಿಸ್ತು. ಅದಕ್ಕೇ ಹಾಗೇ ಬಿಟ್ಟೆ.'

ಬಸ್ಸಿಗೆ ಕಾಯದೆ ನಡೆದಳು, ಮನೆಗೆ ಹದಿನೈದು ನಿಮಿಷದ ದಾರಿ. ಮಧ್ಯಾಹ್ನದ ಬೀದಿಯಲ್ಲಿ ಜನ ಇದ್ದರು, ಆದರೆ ಅವಳ ಕಣ್ಣು ಅವರನ್ನು ಬಿಟ್ಟು ಅವರ ಹಿಂದಿನದನ್ನು ನೋಡುತ್ತಿತ್ತು. ಕ್ಷೌರದಂಗಡಿಯ ಖಾಲಿ ಕುರ್ಚಿ ಕನ್ನಡಿಯಲ್ಲಿ ಇನ್ನೊಂದು ಖಾಲಿ ಕುರ್ಚಿಯನ್ನು ನೋಡುತ್ತ ಕೂತಿತ್ತು, ಕನ್ನಡಿಗೆ ಬೇಸರವೇನೂ ಇದ್ದಂತಿರಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಬಣ್ಣ ಕೂತವರ ಅಳತೆಗೆ ಸವೆದಿತ್ತು, ಅಳತೆ ಉಳಿಯುತ್ತದೆ, ಅವರಲ್ಲ. ದೀಪದ ಕಂಬಗಳು ಸಾಲಾಗಿ ನಿಂತಿದ್ದವು, ಮುನ್ನೂರು ವರ್ಷಗಳ ನಂತರದ ಸಂಜೆಯನ್ನು ಕಾಯುತ್ತಿರುವಂತೆ. ಸಣ್ಣವಳಿದ್ದಾಗ ಕತೆ ಹೇಳುವ ಅಜ್ಜಿ ಪ್ರತಿ ವಾಕ್ಯಕ್ಕೂ ಹೂಂ ಅನ್ನಿಸುವಳು. ನೀನು ಹೂಂ ಅಂದರೆ ತಾನೇ ನಾನು ಮುಂದೆ ಹೋಗೋದು, ಎತ್ತಿಗೆ ಹುಲ್ಲು ಹಾಕ್ದೆ ಓಡು ಅಂದ್ರೆ ಓಡತ್ತಾ? ಹಾಗಾದರೆ ಕತೆ ನಡೆಯುವುದು ತನ್ನ ಬಾಯಿಂದ ಅಂತ ಅವಳು ನಂಬಿದ್ದಳು. ಮೂವರು ಅಕ್ಕತಂಗಿಯರ ಕತೆಯಲ್ಲಿ ಕಿರಿಯವಳು ನದಿಗೆ ಬರುತ್ತಾಳೆ, ಹೋದವರನ್ನು ತಿರುಗಿ ತರದ ದೋಣಿಯೊಂದು ಕಾದಿರುತ್ತದೆ, ಅವಳು ಒಂದು ಕಾಲು ದೋಣಿಯಲ್ಲಿಡುತ್ತಾಳೆ. ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ, ಅಂದು ಅಜ್ಜಿ ನಿಲ್ಲಿಸಿದಳು. ಅವಳು ಹೂಂ ಅನ್ನಲಿಲ್ಲ. ತುಟಿ ಕಚ್ಚಿ ಹಿಡಿದಳು. ಅನ್ನೇ ಕೂಸೇ. ಅನ್ನಲಿಲ್ಲ. ಆ ರಾತ್ರಿಯೂ ಅನ್ನಲಿಲ್ಲ, ಮರುದಿನವೂ. ಅಜ್ಜಿ ಸೋತು ಬೇರೆ ಕತೆ ತೆಗೆದಳು. ಇಪ್ಪತ್ತು ವರ್ಷವಾಯಿತು, ಆ ಕಿರಿಯವಳು ಇನ್ನೂ ಹಾಗೇ ನಿಂತಿದ್ದಾಳೆ. ಅವಳನ್ನು ಉಳಿಸಿದವಳು ತಾನು, ಅನ್ನುವ ಗುಟ್ಟಾದ ಹೆಮ್ಮೆಯೊಂದು ಅವಳೊಳಗೆ ಇಂದಿನವರೆಗೂ ಬೆಚ್ಚಗಿತ್ತು.

ಬಾಗಿಲಲ್ಲೇ ಹೊಲಿಗೆ ಯಂತ್ರ. ಅಮ್ಮ ಶಾಲೆಯ ಸಮವಸ್ತ್ರಗಳನ್ನು ಮಡಿಚಿ ಚೀಲಕ್ಕೆ ತುಂಬುತ್ತಿದ್ದಳು, ಬಾಯಲ್ಲಿ ಗುಂಡುಸೂಜಿ. ಸೂಜಿ ತೆಗೆಯದೆಯೇ ಪಿಸುಗುಟ್ಟಿದಳು: 'ಇಷ್ಟು ಬೇಗ ಬಂದ್ಯಾ? ಅಜ್ಜಿ ಬೆಳಿಗ್ಗೆಯಿಂದ ಮೂರು ಸಲ ಆಸ್ಪತ್ರೆ ಫೈಲು ಕೇಳಿದ್ಲು. ಬೀರು ಮೇಲೆ ಕಂಬಳಿ ಕೆಳಗೆ ಇಟ್ಟಿದೀನಿ. ರಕ್ತ ಕಡಿಮೆ ಅಷ್ಟೇ ಅಂದಿದೀನಿ, ನೀನೂ ಅದನ್ನೇ ಹೇಳು. ಮುಖ ಹಿಂಗಿಟ್ಕೊಂಡು ಒಳಗೆ ಹೋಗ್ಬೇಡ.'

'ಹೆಂಗಿಟ್ಕೊಳ್ಲಿ?'

'ಹೆಂಗೋ ಒಂದು. ಯಾವಾಗ್ಲೂ ಕನಸು ಕಾಣ್ತಾ ಇರ್ತೀಯಲ್ಲ, ಹಂಗೆ.' ಅಮ್ಮನ ಕಣ್ಣ ಕೆಳಗೆ ಕಪ್ಪಾಗಿತ್ತು. ಅಜ್ಜಿ ಅಮ್ಮನ ಅಮ್ಮ. ಅಮ್ಮನಿಗೂ ಒಬ್ಬ ಅಮ್ಮ ಇಲ್ಲದೆ ಹೋಗುತ್ತಾಳೆ ಅನ್ನುವುದು ಆಗಾಗ ಮರೆತೇ ಹೋಗುತ್ತಿತ್ತು. 'ಬಟ್ಟೆ ಕೊಟ್ಟು ಒಂದು ಗಂಟೇಲಿ ಬರ್ತೀನಿ. ಔಷಧಿ ಕೊಟ್ಟಾಗಿದೆ.'

ಒಳಕೋಣೆಯಲ್ಲಿ ಬಿಸಿಲು ಕಿಟಕಿಯಿಂದ ಇಳಿದು ಮೇಜಿನ ಕಾಲಿನ ತನಕ ಬಂದಿತ್ತು. ಅವಳು ಹೊಸಲಲ್ಲೇ ನಿಂತುಬಿಟ್ಟಳು. ಮೇಜಿನ ಮೇಲೆ ಅಂಚು ನೆಗ್ಗಿದ ಲೋಟ. ಮಂಚದ ಮೇಲೆ ಹೊದಿಕೆ, ಹೊದಿಕೆಯಡಿ ಇಷ್ಟೇ ಇಷ್ಟು ಎತ್ತರ, ಯಾರಾದರೂ ಇದ್ದರೆ ಇರಬೇಕಾದಷ್ಟು ಎತ್ತರವೇ ಅಲ್ಲ. ಉಸಿರು ಹಿಡಿದು ಕೋಣೆಯನ್ನು ಕೇಳಿದಳು, ಕಿವಿಯಣ್ಣ ಕಲಿಸಿದ ಹಾಗೆ.

'ಅಲ್ಲೇ ನಿಂತ್ಕೊಂಡು ಏನು ಮೂಸಿ ನೋಡ್ತಿದ್ದೀಯೇ?' ಅಂದಿತು ಹೊದಿಕೆ. 'ಇದ್ದೀನಿ ಬಾ.'

ಅವಳು ಹೋಗಿ ಮಂಚದ ಅಂಚಿಗೆ ಕೂತಳು. ಅಜ್ಜಿಯ ಮುಖ ದಿನದಿಂದ ದಿನಕ್ಕೆ ಮೂಗಾಗುತ್ತಿತ್ತು. ಕಣ್ಣು ಮಾತ್ರ ಮೊದಲಿನಷ್ಟೇ ಕಳ್ಳಕಣ್ಣು.

'ಏನಾಯ್ತು ಆ ನಿನ್ನ ಆಕಾಶದವಳ ಕತೆ?'

'ಅವತ್ತೇ ಹೇಳಿದ್ನಲ್ಲಜ್ಜಿ. ಹಡಗು ಬಂತು, ಕರ್ಕೊಂಡು ಹೋದ್ರು.'

'ಹೇಳಿದ್ದೆ. ನಾನು ನಂಬಲಿಲ್ಲ.' ಅಜ್ಜಿ ಮೊಣಕೈಯೂರಿ ಒಂದಿಷ್ಟು ಮೇಲಕ್ಕೆ ಸರಿಯಲು ನೋಡಿದಳು, ಆಗಲಿಲ್ಲ. 'ನೀನು ಅಳಬಾರದು ಅಂತ ನಾನು ನಿನಗೆಷ್ಟು ಹಡಗು ತರಿಸಿದೀನಿ ಗೊತ್ತಾ? ಲೆಕ್ಕವೇ ಇಲ್ಲ. ಬೇರೆಯವರ ಹಡಗು ನನಗೆ ಗೊತ್ತಾಗಲ್ವಾ? ಚೀಲದಲ್ಲಿ ಅದೇನು ನೀಲಿದು? ಅದೇ ತಾನೇ? ಓದು.'

'ಬೇಡಜ್ಜಿ. ಅದರಲ್ಲಿ ಯಾರೂ ಇಲ್ಲ.'

'ನಾನಿದ್ದೀನಲ್ಲ.'

ಓದದಿರಲು ಒಂದು ಕಾರಣವೂ ಸಿಗಲಿಲ್ಲ. ಮೇಷ್ಟ್ರ ಕೋಲು, ಕಿವಿಯಣ್ಣನ ಕತ್ತಿಗಿಳಿದ ಹೆಡ್‌ಫೋನು, ನನ್ನ ಪುಸ್ತಕ ಅದು ಅಂದ ದನಿ, ಎಲ್ಲ ಒಟ್ಟಿಗೆ ಬಂದವು. ಪುಟ ಬಿಡಿಸಿದಳು. ಬೆಳಗಾಯಿತು, ಅಂದಳು.

'ಹೂಂ,' ಅಂದಳು ಅಜ್ಜಿ.

ಆ ಹೂಂ ಅವಳ ಬೆನ್ನಿಗೆ ಕೈಯಿಟ್ಟಂತಾಯಿತು. ಬಿಸಿಲು ಕಿಟಕಿಯಿಂದ ಇಳಿದು ಮೇಜಿನ ಕಾಲು ಹತ್ತಿತು. ಹೂಂ. ಲೋಟ ಮುಟ್ಟಿತು. ಹೂಂ. ಲೋಟದ ತಳದಲ್ಲಿ ಕಂದು ಬಳೆ ಮೂಡುವ ವಾಕ್ಯಕ್ಕೆ ಅಜ್ಜಿ ತಡೆದಳು: 'ತೊಳೀದೆ ಮಲಗಿದ್ಲಾ? ಅಷ್ಟು ದೊಡ್ಡ ಆಕಾಶ ನೋಡ್ಕೊಳ್ಳೋಳಿಗೆ ಒಂದು ಲೋಟ ತೊಳೆಯಕ್ಕಾಗಲಿಲ್ವಾ? ಹೋಗ್ಲಿ, ಸುಸ್ತಾಗಿರತ್ತೆ. ಓದು.' ಯಂತ್ರ ಆಕಾಶದ ಕಡೆ ತಿರುಗಿತು, ಕೇಳಿಸಿಕೊಂಡಿತು. ಹೂಂ. ಮಳೆ ಬಂತು, ಕಿಟಕಿಯ ಒಂದು ಗಾಜು ಬಿತ್ತು, ಹಾಸಿಗೆಯ ಮೇಲೆ ಒಂದು ಬಳ್ಳಿ ಬಂತು. ಹೂಂ. ಅವಳಿಗೆ ಹೆದರಿಕೆ ಹೋಗಲಿಲ್ಲ, ಅದು ಎದುರಿಗೆ ಬಂದು ಕೂತುಕೊಂಡಿತು, ಅಷ್ಟೇ. ಹತ್ತು ಪುಟ, ಹನ್ನೆರಡು. ವರ್ಷಗಳು ಒಂದೊಂದು ವಾಕ್ಯಕ್ಕೆ ಒಂದರಂತೆ ಹೋಗುತ್ತಿದ್ದವು. ಹದಿನೈದನೆಯ ಪುಟದಲ್ಲಿ ಲೋಟ ಮೇಜಿನಿಂದ ಉರುಳಿ ಬೀಳುತ್ತದೆ, ಬಿದ್ದ ಸದ್ದು ಕೇಳಲು ಯಾರೂ ಇರಲಿಲ್ಲ ಅಂತ ಬರೆದಿದೆ. ಓದಿದಳು. ಹೂಂ ಬರಲಿಲ್ಲ.

ಅವಳು ಕಣ್ಣೆತ್ತಲಿಲ್ಲ. ಕಣ್ಣೆತ್ತಿದರೆ ಗೊತ್ತಾಗಿಬಿಡುತ್ತದೆ. ಬೆರಳು ವಾಕ್ಯದ ಕೊನೆಯ ಚುಕ್ಕೆಯ ಮೇಲಿತ್ತು, ಉಗುರಿನ ಕೆಳಗೆ ಬೆಳ್ಳಗಾಗುವಷ್ಟು ಒತ್ತಿಕೊಂಡಿತ್ತು. ಒಂದು, ಎರಡು, ಮೂರು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಹೊಡೆದರು, ಎಲ್ಲೋ ನಲ್ಲಿ ತೊಟ್ಟಿಕ್ಕಿತು. ನಾಲ್ಕು. ಕೋಣೆ ದೊಡ್ಡದಾದ ಹಾಗೆ ಅನ್ನಿಸಿತೇ? ಅಮ್ಮ ಬರಲು ಇನ್ನೂ ಅರ್ಧ ಗಂಟೆ. ಐದು. ಅಮ್ಮನಿಗೆ ಏನು ಹೇಳುವುದು, ಕತೆ ಓದುತ್ತಿದ್ದೆ ಅನ್ನುವುದೇ, ಯಾರೂ ಇಲ್ಲದ ಕತೆ. ಆರು. ನಾನು ಹಡಗು ಬಂತು ಅಂತಲೇ ಇರಬೇಕಿತ್ತು. ಏಳು.

'ಹೂಂ,' ಅಂದಳು ಅಜ್ಜಿ. 'ಸದ್ದು ಕೇಳಲು ಯಾರೂ ಇರಲಿಲ್ಲ ಅಂದ್ಯಲ್ಲ, ಅದನ್ನೇ ಯೋಚನೆ ಮಾಡ್ತಿದ್ದೆ. ಯಾಕೆ ನಡುಗ್ತಿದ್ದೀಯೇ? ಇನ್ನೂ ಇದ್ದೀನಿ. ಓದು, ಓದು.'

ಉಳಿದ ಏಳು ಪುಟಗಳನ್ನು ಅವಳು ಓದಿದ್ದು ತನಗೇ ಕೇಳಿಸಲಿಲ್ಲ. ಮುಗಿಸಿ ಪುಸ್ತಕ ಮುಚ್ಚಿದಾಗ ಬಿಸಿಲು ಲೋಟವನ್ನು ದಾಟಿ ಗೋಡೆಗೆ ಹೋಗಿತ್ತು. ಅಜ್ಜಿ ಅದನ್ನೇ ನೋಡುತ್ತ ಮಲಗಿದ್ದಳು, ಊಟ ಚೆನ್ನಾಗಿತ್ತೋ ಇಲ್ಲವೋ ಅಂತ ತೀರ್ಮಾನ ಮಾಡುತ್ತಿರುವ ಹಾಗೆ.

'ಚೆನ್ನಾಗಿ ಬರೆದಿದ್ದಾರೆ,' ಅಂದಳು ಕೊನೆಗೆ. 'ಯಾರೂ ಬರಲಿಲ್ಲ ಪಾಪ. ಆದ್ರೂ ಬೆಳಗಾಗೋದು ನಿಲ್ಲಲಿಲ್ಲ. ಅದೇ ಹೊಟ್ಟೆಕಿಚ್ಚು ನೋಡು.' ಸ್ವಲ್ಪ ಕೆಮ್ಮಿದಳು. 'ಈಗ ನನ್ನ ಸರದಿ. ನಾನೊಂದು ಹೇಳ್ತೀನಿ, ಹೂಂ ಅನ್ನಬೇಕು. ತುಟಿ ಕಚ್ಕೊಳ್ಳೋ ಹಾಗಿಲ್ಲ.'

'ಈಗ ಬೇಡಜ್ಜಿ, ಸುಸ್ತಾಗತ್ತೆ. ನನಗೂ ನಾಲ್ಕು ಗಂಟೆಗೆ...'

'ಸಣ್ಣದು. ಒಂದು ಮನೇಲಿ ಒಬ್ಬಳು ಮುದುಕಿ ಇದ್ದಳು.'

ಅವಳು ಪುಸ್ತಕವನ್ನು ಚೀಲಕ್ಕೆ ಹಾಕಿದಳು. ಅಜ್ಜಿ ಕಾದಳು.

'ಹೂಂ,' ಅಂದಳು.

'ಅವಳಿಗೆ ಒಬ್ಬ ಮಗಳು, ಒಬ್ಬ ಮೊಮ್ಮಗಳು. ಮೊಮ್ಮಗಳಿಗೆ ಮೊದಲಿಂದ ಸ್ವಲ್ಪ ಕತ್ತಲೆ ಅಂದ್ರೆ ಭಯ.'

'ಹೂಂ.'

'ಮುದುಕಿಗೆ ಕಾಯಿಲೆ ಬಂತು. ಡಾಕ್ಟ್ರು ಒಂದು ಫೈಲು ಕೊಟ್ರು. ಮಗಳು ಅದನ್ನ ಬೀರು ಮೇಲೆ ಕಂಬಳಿ ಕೆಳಗೆ ಇಟ್ಲು. ಮುದುಕಿಗೆ ಕಣ್ಣು ಕಾಣತ್ತೆ ಅನ್ನೋದನ್ನ ಮರೆತುಬಿಟ್ಲು.'

ನಗು ಬಂತು, ಅದು ಅರ್ಧಕ್ಕೇ ಬೇರೆಯದಾಯಿತು. 'ಹೂಂ,' ಅಂದಳು.

'ಅದು ರಕ್ತ ಕಡಿಮೆಯಾಗಿದ್ದಕ್ಕೆ ಬರೋ ಕಾಯಿಲೆ ಅಲ್ಲ. ವಾಸಿಯಾಗೋ ಕಾಯಿಲೆನೂ ಅಲ್ಲ.'

ಅಜ್ಜಿ ನಿಲ್ಲಿಸಿದಳು. ಅವಳನ್ನು ನೋಡಲಿಲ್ಲ, ಗೋಡೆಯ ಮೇಲಿನ ಬಿಸಿಲನ್ನು ನೋಡುತ್ತಿದ್ದಳು. ಅಮ್ಮ ಹೇಳಿಕೊಟ್ಟ ವಾಕ್ಯ ಮೊಮ್ಮಗಳ ನಾಲಿಗೆಯ ಮೇಲೇ ಇತ್ತು, ಸಣ್ಣದು, ಸಲೀಸಾದದ್ದು, ರಕ್ತ ಕಡಿಮೆ ಅಷ್ಟೇ ಅಜ್ಜಿ. ಅದನ್ನು ಅಂದರೆ ಈ ಮಧ್ಯಾಹ್ನ ಇಲ್ಲೇ ನಿಲ್ಲುತ್ತದೆ, ಲೋಟ ಮೇಜಿನ ಮೇಲೆ, ಬಿಸಿಲು ಗೋಡೆಯ ಮೇಲೆ. ಅಂಗೈಗಳು ಬೆಳಗಿನಿಂದ ಉರಿಯುತ್ತಲೇ ಇದ್ದವು. ಚಪ್ಪಾಳೆ ತಟ್ಟಿ ಹಿಂದಕ್ಕೆ ಹೋಗಿ ಮತ್ತೆ ಶುರುಮಾಡಬಹುದಾದ ಕೋಣೆ ಇದಲ್ಲ. ಇಲ್ಲಿ ಹಿಂದಕ್ಕೆ ಹೋದರೂ ಸಿಗುವುದು ಮೂರು ದಿನ, ಮೂವತ್ತು ದಿನ, ಅಜ್ಜಿ ಸುಳ್ಳು ಸುಳ್ಳೇ ಕೇಳಿಸಿಕೊಳ್ಳುವ ದಿನಗಳು, ತಾನು ಕಾರಿಡಾರಿನಲ್ಲಿ ಬಕೆಟ್ಟಿನ ಪಕ್ಕ ನಿಂತಿರುವ ದಿನಗಳು, ಒಳಗೆ ಅಜ್ಜಿ ಒಬ್ಬಳೇ.

'ಹೂಂ,' ಅಂದಳು. ದನಿ ಹೊರಟಿತೋ ಇಲ್ಲವೋ ಗೊತ್ತಾಗಲಿಲ್ಲ. ಅಜ್ಜಿಯ ಕೈ ಹೊದಿಕೆಯಡಿಯಿಂದ ಬಂದು ಅವಳ ಮಣಿಕಟ್ಟನ್ನು ಹುಡುಕಿಕೊಂಡಿತು. ಹೊರಟಿತ್ತು.

'ಹಾಂ,' ಅಂದಳು ಅಜ್ಜಿ. ಕಣ್ಣಿನ ಮೂಲೆಯಿಂದ ಒಂದು ಹನಿ ಕಿವಿಯ ಕಡೆ ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ. 'ಗೊತ್ತಿತ್ತು. ಆದ್ರೂ ಯಾರಾದ್ರೂ ಹೂಂ ಅನ್ನಬೇಕಿತ್ತು. ಒಬ್ಬಳೇ ಅಂದ್ಕೊಂಡಿರಕ್ಕೆ ನನಗೂ ಭಯ ಆಗತ್ತಲ್ವೇ.'

ಅಜ್ಜಿಗೂ ಭಯವಾಗುತ್ತದೆ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳು ಬಗ್ಗಿ ಹೊದಿಕೆಯ ಮೇಲೆ ತಲೆಯಿಟ್ಟಳು, ಕೆಳಗೆ ಎದೆ ಢವಢವ ಅನ್ನುತ್ತಿತ್ತು, ಯಾರದೆಂದು ಗೊತ್ತಾಗಲಿಲ್ಲ. ನಾಲ್ಕು ಗಂಟೆಗೆ ಗಾಜಿನಾಚೆ ಬೆರಳು ಏಳುತ್ತದೆ. ಒಂದು ನಿಮಿಷ ಕೂರಬೇಕು, ಇದ್ದೀನಿ ಅಂತ.

'ಇನ್ನೂ ಮುಗಿದಿಲ್ಲ,' ಅಂದಳು ಅಜ್ಜಿ, ಅವಳ ಕೂದಲೊಳಗೆ ಬೆರಳಾಡಿಸುತ್ತ. 'ಹಳೇದೊಂದು ಬಾಕಿ ಇದೆ. ಕಿರಿಯವಳು ನದಿಗೆ ಬಂದಳು. ದೋಣಿ ಕಾದಿತ್ತು. ಇಪ್ಪತ್ತು ವರ್ಷದಿಂದ ನಿಲ್ಲಿಸಿಬಿಟ್ಟಿದ್ದೀಯಲ್ಲೇ ಅವಳನ್ನ, ಕಾಲು ಎಷ್ಟು ನೋಯ್ತಿರಬೇಕು. ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ.'

ನೆಗ್ಗಿದ ಲೋಟದ ಅಂಚಿನಿಂದ ಬೆಳಕು ಪೂರ್ತಿ ಹೋಗಿತ್ತು. ಅವಳು ಅಜ್ಜಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಬಿಡದಂತೆ ಹಿಡಿದುಕೊಂಡಳು, ಆಮೇಲೆ ಬಾಯಿ ತೆರೆದಳು.

'ಹೂಂ,' ಅಂದಳು.